ಅಳಬಾರದ ಹುಡುಗಿ

ಏಕಾದಶಿಯ ಉಪವಾಸ ಎಂಟು ವರ್ಷಕ್ಕೆ ಶುರು, ಎಂಬತ್ತಕ್ಕೆ ಬಿಡುಗಡೆ. ನನ್ನ ಅತ್ತೆಯ ಮನೆಯಲ್ಲಿ ಇದಕ್ಕೆ ಎದುರು ಮಾತಿಲ್ಲ. ಎಂಟು ತುಂಬದ ಮಕ್ಕಳಿಗೂ ಎಂಬತ್ತು ದಾಟಿದ ಮುದುಕರಿಗೂ ಶಾಸ್ತ್ರ ಕನಿಕರ ತೋರಿಸಿದೆ. ನಡುವೆ ಸಿಕ್ಕಿಕೊಂಡವರು ಅಂದು ಅನ್ನ ಹಾಗಿರಲಿ, ಒಂದು ಗುಟುಕು ನೀರನ್ನೂ ಮುಟ್ಟುವಂತಿಲ್ಲ. ಮದುವೆಯಾಗಿ ಮದ್ರಾಸಿನ ವೆಸ್ಟ್ ಮಾಂಬಲಂನ ಈ ಫ್ಲ್ಯಾಟಿಗೆ ಬಂದ ಹೊಸದರಲ್ಲೇ ನಾನು ಈ ನಿಯಮ ಮುರಿದೆ. ವಿಮಾ ಕಚೇರಿಯಲ್ಲಿ ಕ್ಲೇಮು ಕೇಳಿಕೊಂಡು ಬರುವವರ ಜೊತೆ ದಿನವಿಡೀ ಮಾತಾಡುವ ಕೆಲಸ ನನ್ನದು. ಒಣ ಗಂಟಲಲ್ಲಿ ಅದಾಗುವುದಿಲ್ಲ. ಅತ್ತೆ ನನಗೇನೂ ಅನ್ನಲಿಲ್ಲ. "ಮೈಸೂರಿನವರು ಕೊಂಜ ಸುಖಜೀವಿಗಳು" ಎಂದು ತಮ್ಮ ತಂಗಿಗೆ ಫೋನಿನಲ್ಲಿ, ನನಗೆ ಕೇಳುವ ಹಾಗೆ ಹೇಳಿದರು.

ಅತ್ತೆಯದು ಎಷ್ಟೋ ತಲೆಮಾರುಗಳ ಹಿಂದೆ ಕುಂಭಕೋಣದ ಕಡೆ ನೆಲೆಸಿದ ಮಾಧ್ವ ಮನೆತನ. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ಇದು ಕನ್ನಡವೇ ಅಲ್ಲ ಎಂದರೆ ಮಾತ್ರ ಜಗಳಕ್ಕೆ ನಿಲ್ಲುತ್ತಾರೆ. ನನ್ನ ಮಗಳು ಈ ಅಜ್ಜಿಯ ಬಾಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವವಳು ಅಜ್ಜಿಯ ಹತ್ತಿರ ಅಜ್ಜಿಯದೇ ಕಲಬೆರಕೆ ಕನ್ನಡ ಆಡುತ್ತಿದ್ದಳು. ಅಜ್ಜಿ ಮಡಿಯಲ್ಲಿದ್ದರೆ ಇವಳೂ ಒದ್ದೆ ಟವೆಲು ಸುತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಅವಳ ಮೈಮೇಲೆ ಹುಟ್ಟಿದಾಗಿನಿಂದ ಮಚ್ಚೆಗಳಿವೆ. ಹಾಲು ಹೆಚ್ಚಾದ ಕಾಫಿಯ ಬಣ್ಣ, ಹೊಟ್ಟೆಯ ಮೇಲೆ, ಬೆನ್ನಿನ ಮೇಲೆ, ಎರಡೂ ತೋಳಿನ ಮೇಲೆ. ನನಗೂ ಇವೆ. ನನ್ನನ್ನು ನೋಡಲು ಬಂದ ದಿನ ನನ್ನಮ್ಮ ಮೊಣಕೈ ದಾಟುವ ರವಿಕೆ ಹೊಲಿಸಿ ಹಾಕಿಸಿದ್ದರು; ಚರ್ಮದ ಗುಣ, ಏನೂ ತೊಂದರೆಯಿಲ್ಲ ಎಂದು ನಮ್ಮೂರಿನ ಡಾಕ್ಟರು ಹೇಳಿದ್ದನ್ನು ನಾವೆಲ್ಲ ನಂಬಿದ್ದೆವು. ಮೊಮ್ಮಗಳ ಮಚ್ಚೆಗಳನ್ನು ನೋಡಿದಾಗ ಅತ್ತೆ ಮುಖ ಸಿಂಡರಿಸಲಿಲ್ಲ. "ಇವಳು ಮುದ್ರೆ ಹಾಕಿಸ್ಕೊಂಡೇ ಹುಟ್ಟಿದಾಳೆ" ಎಂದು ಬಂದವರಿಗೆಲ್ಲ ತೋರಿಸಿದರು.

ಮುದ್ರೆ ಅಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಆಷಾಢದ ಪ್ರಥಮೈಕಾದಶಿಯಂದು ಮಾಧ್ವರು ಮಠಕ್ಕೆ ಹೋಗುತ್ತಾರೆ. ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರದ ಪುಟ್ಟ ಅಚ್ಚುಗಳನ್ನು ಸ್ವಾಮಿಗಳು ಕೈಮೇಲೆ ಒತ್ತುತ್ತಾರೆ. ಕ್ಷಣ ಮಾತ್ರ ಚುರ್ ಅನ್ನುತ್ತದೆ, ಕೆಲವು ದಿನ ಗುರುತು ಉಳಿಯುತ್ತದೆ. ಎಳೆ ಮಕ್ಕಳಿಗೂ ಹಾಕಿಸುತ್ತಾರೆ. ನನ್ನ ಮಗಳಿಗೆ ಆ ವರ್ಷ ಎಂಟು ತುಂಬಿತ್ತು. ಮುದ್ರೆಯ ಜೊತೆಗೆ ಉಪವಾಸಕ್ಕೂ ತಾನು ಅರ್ಹಳಾದೆ ಎನ್ನುವ ಜಂಬ. ನಾನು ಬೇಡವೆಂದೆ, ಅವಳಪ್ಪನೂ ಬೇಡವೆಂದರು, ಸ್ವತಃ ಅಜ್ಜಿಯೂ "ಹಾಲು ಕುಡಿಯೇ, ಮಕ್ಕಳಿಗೆ ದೋಷ ಇಲ್ಲ" ಎಂದರು. ಜಪ್ಪಯ್ಯ ಅಂದರೂ ಕೇಳಲಿಲ್ಲ. ಹಿಂದಿನ ಸಂಜೆಯಿಂದ ಒಂದು ಹನಿ ನೀರು ಮುಟ್ಟದೆ ಅಜ್ಜಿಯ ಸೆರಗು ಹಿಡಿದು ಮಠದ ಸಾಲಿನಲ್ಲಿ ನಿಂತಳು.

ಮದ್ರಾಸಿನಲ್ಲಿ ಆಷಾಢವೆಂದರೆ ಬಿಸಿಲು. ಸಾಲು ಮಠದ ಬಾಗಿಲು ದಾಟಿ ರಸ್ತೆಯವರೆಗೆ ಬಂದಿತ್ತು. ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗಿದ್ದೆ. ಒಳಗೆ ಹೊಗೆ, ಬೆವರು, ತುಪ್ಪದ ವಾಸನೆ. ನಮ್ಮ ಮುಂದೆ ಯಾರದೋ ಕೈಗೂಸು ಮುದ್ರೆ ಬಿದ್ದ ಕೂಡಲೇ ಕಿರುಚಿತು. ಅದನ್ನು ಕೇಳಿದ್ದೇ ತಡ ನನ್ನ ಮಗಳು ಅಳಲು ಶುರುಮಾಡಿದಳು. ಅಂಥಿಂಥ ಅಳುವಲ್ಲ, ಉಸಿರು ಕಟ್ಟಿ ಕಟ್ಟಿ ಬಿಕ್ಕುವ ಅಳು. ನಾನು ಎತ್ತಿಕೊಳ್ಳಲು ಬಗ್ಗಿದಾಗ ಅವಳ ಬಲಗೈ ಅಜ್ಜಿಯ ಸೆರಗಿನಿಂದ ಜಾರಿ ಜೋತುಬಿತ್ತು. ಬಾಯಿ ಒಂದು ಕಡೆಗೆ ಇಳಿಯಿತು. ಅಜ್ಜಿ ಎನ್ನಲು ಹೋದರೆ ಬಾಯಿಂದ ಏನೋ ತೊದಲು ಹೊರಟಿತು.

ಪಕ್ಕಕ್ಕೆ ಕೂರಿಸಿ ಗಾಳಿ ಹಾಕಿದೆವು. ಸ್ವಲ್ಪ ಹೊತ್ತಿನಲ್ಲಿ ಕೈ ಆಡಿತು, ಮಾತೂ ಸರಿಯಾಯಿತು. ಸುತ್ತ ನಿಂತವರೆಲ್ಲ ಒಂದೊಂದು ತೀರ್ಪು ಕೊಟ್ಟರು. ಹೆದರಿಕೆ ಎಂದರು, ಹೊಟ್ಟೆ ಖಾಲಿ ಎಂದರು, ದೃಷ್ಟಿ ಎಂದರು. "ಹೆದರಿಬಿಟ್ಟಳು, ಪಾವಂ" ಎಂದು ಅತ್ತೆ ಅವಳ ತಲೆ ಸವರಿದರು. ನನಗೂ ಹಾಗೇ ಇರಬೇಕು ಅನ್ನಿಸಿತು. ಮನೆಗೆ ಬಂದು ಗದರಿಸಿ ನೀರು ಕುಡಿಸಿದೆ.

ಮುಂದಿನ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಊಟದ ಕೊನೆಗೆ ಲೋಟದಲ್ಲಿ ಬಿಸಿ ಸಾರು ಕುಡಿಯುವುದು ಅವಳಿಗೆ ಇಷ್ಟ. ಎರಡೂ ಕೈಯಲ್ಲಿ ಲೋಟ ಹಿಡಿದು ಉಫ್ ಉಫ್ ಎಂದು ಊದುತ್ತಿದ್ದವಳ ಬಲಗೈ ಹಾಗೇ ಕೆಳಗೆ ಬಿತ್ತು. ಸಾರು ತೊಡೆಯ ಮೇಲೆ ಚೆಲ್ಲಿತು. "ಕೈ ಮರತ್ತು ಪೋಚು" ಎಂದಳು. ಕೈ ಜೋಮು ಹಿಡಿದಿದೆ ಎನ್ನುವುದಕ್ಕೆ ತಮಿಳಿನಲ್ಲಿ ಹೇಳುವ ಮಾತು. ಆ ಮಾತೂ ನಾಲಿಗೆಗೆ ಸುತ್ತಿಕೊಂಡಂತೆ ಬಂತು. ನಿಮಿಷಗಳಲ್ಲಿ ಎಲ್ಲ ಮೊದಲಿನಂತಾಯಿತು. ಅತ್ತೆ ಮತ್ತೆ ಹೆದರಿಕೆಯ ಮಾತೆತ್ತಿದರು. ನನಗೆ ಸಿಟ್ಟು ಬಂತು.

"ಮಠದಲ್ಲಿ ಹೆದರಿದಳು, ಸರಿ. ಸಾರಿಗೆ ಯಾರಾದರೂ ಹೆದರ್ತಾರಾ ಅತ್ತೆ?" ಎಂದೆ.

ಮರುದಿನವೇ ಮಕ್ಕಳ ಡಾಕ್ಟರಲ್ಲಿಗೆ ಕರೆದೊಯ್ದೆ. ಅವರು ನರರೋಗದವರಲ್ಲಿಗೆ ಕಳಿಸಿದರು. ಅಲ್ಲಿಂದ ಸ್ಕ್ಯಾನು, ಆಮೇಲೆ ತೊಡೆಯ ಸಂದಿಯಿಂದ ಸಣ್ಣ ಕೊಳವೆ ತೂರಿಸಿ ತಲೆಯೊಳಗಿನ ರಕ್ತನಾಳಗಳ ಚಿತ್ರ ತೆಗೆಯುವ ಇನ್ನೊಂದು ಪರೀಕ್ಷೆ. ಕೊನೆಗೆ ಮೆದುಳಿನ ಆಪರೇಷನ್ ಮಾಡುವ ಡಾಕ್ಟರಮ್ಮನ ಎದುರು ನಾನು ಮತ್ತು ನನ್ನ ಗಂಡ ಕೂತೆವು. ನನಗಿಂತ ಚಿಕ್ಕ ವಯಸ್ಸಿನವರು. ಚಿತ್ರಗಳನ್ನು ತೋರಿಸುವ ಮೊದಲು ಅವರು ಕೇಳಿದ್ದು ನನ್ನ ಬಗ್ಗೆ. ಚೂಡಿದಾರದ ತೋಳು ಮೇಲೆ ಸರಿಸಿ ಎಂದರು. ನನ್ನ ಮಚ್ಚೆಗಳನ್ನು, ಮೊಣಕೈ ಹತ್ತಿರದ ಮೆತ್ತನೆಯ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಇದಕ್ಕೆ ನ್ಯೂರೋಫೈಬ್ರೊಮಟೋಸಿಸ್ ಎನ್ನುತ್ತಾರೆ, ಅಪರೂಪದ ಜೀನ್ ದೋಷ, ನಿಮ್ಮಿಂದ ಮಗಳಿಗೆ ಬಂದಿದೆ ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಬಹಳ ಜನರಿಗೆ ಚರ್ಮದಾಚೆ ಹೆಚ್ಚೇನೂ ಆಗುವುದಿಲ್ಲವಂತೆ, ನನ್ನ ಹಾಗೆ. ತೀರಾ ಕೆಲವೇ ಕೆಲವರಿಗೆ ಮೆದುಳಿನ ರಕ್ತನಾಳಗಳೂ ಕೆಡುತ್ತವಂತೆ, ಇವಳ ಹಾಗೆ.

ಆಮೇಲೆ ಚಿತ್ರ ತೋರಿಸಿದರು. ಮೆದುಳಿಗೆ ರಕ್ತ ಹೊತ್ತೊಯ್ಯುವ ದೊಡ್ಡ ನಾಳಗಳು ತಲೆಯ ಬುಡದಲ್ಲಿ ಎರಡೂ ಕಡೆ ಕಿರಿದಾಗುತ್ತ ಹೋಗಿವೆ. ಅದನ್ನು ಸರಿದೂಗಿಸಲು ದೇಹ ತಾನೇ ಕೂದಲೆಳೆಯಂಥ ನಾಳಗಳ ಗೋಜಲು ಬೆಳೆಸಿಕೊಂಡಿದೆ. ಚಿತ್ರದಲ್ಲಿ ಅದು ಹೊಗೆಯ ಹಾಗೆ ಕಾಣುತ್ತದೆ. ಅದಕ್ಕೇ ಜಪಾನಿನವರು ಇಟ್ಟ ಹೆಸರು ಮೊಯಾಮೊಯಾ. ಅತ್ತಾಗ, ಊದಿದಾಗ, ಏದುಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಗಾಳಿ ಕಡಿಮೆಯಾಗಿ ನಾಳಗಳು ಇನ್ನಷ್ಟು ಮುದುರಿಕೊಳ್ಳುತ್ತವೆ. ಮೈಯಲ್ಲಿ ನೀರು ಕಡಿಮೆಯಾದರೂ ರಕ್ತದ ಓಟಕ್ಕೆ ಕಷ್ಟ. ಮಠದ ಸಾಲಿನಲ್ಲಿ ಎರಡೂ ಒಟ್ಟಿಗೆ ಆಗಿದ್ದವು.

"ಇದುವರೆಗೆ ಬಂದದ್ದು ಎಚ್ಚರಿಕೆ ಅಷ್ಟೆ" ಎಂದರು ಡಾಕ್ಟರಮ್ಮ. "ಒಂದು ಸಲ ಹೋದ ಕೈ, ಹೋದ ಮಾತು ವಾಪಸ್ ಬಾರದೆಯೂ ಇರಬಹುದು. ಆಪರೇಷನ್ ಮಾಡಿ ಮೆದುಳಿಗೆ ಬೇರೆ ದಾರಿಯಿಂದ ರಕ್ತ ಕೊಡಬೇಕು. ಅಲ್ಲಿಯವರೆಗೆ ಅವಳಿಗೆ ಬಾಯಾರಬಾರದು, ಅವಳು ಅಳಬಾರದು."

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವ ಗಾದೆಯನ್ನು ಅವಳ ಜಾಣತನಕ್ಕೂ ಹಠಕ್ಕೂ ನಾನೇ ಹೆಮ್ಮೆಯಿಂದ ಬಳಸುತ್ತಿದ್ದೆ. ಆ ದಿನವೂ ಅದೇ ಮನಸ್ಸಿಗೆ ಬಂತು. ನನಗೆ ದುಃಖವಾಗಲಿಲ್ಲ, ರೋಷ ಬಂತು. ನನ್ನನ್ನು ನೆಮ್ಮದಿಯಾಗಿ ಬಿಟ್ಟು ಮಗುವನ್ನು ಹಿಡಿದ ಈ ಕಾಯಿಲೆಯ ಮೇಲೆ ರೋಷ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದೆ: ಇವಳನ್ನು ಎರಡೂ ಕೈ ಆಡುವ ಹಾಗೆ, ಮಾತು ನೆಟ್ಟಗಿರುವ ಹಾಗೆ ಆಪರೇಷನ್ ಟೇಬಲ್ಲಿಗೆ ತಲುಪಿಸುತ್ತೇನೆ. ನನ್ನ ಗಂಡ ರೈಲ್ವೆಯವರು, ಎಂಥ ನೂಕುನುಗ್ಗಲಿಗೂ ಜಗ್ಗದವರು. ಅಂದು ಆಟೋ ಕರೆಯಲೂ ಬಾಯಿ ಬರದೆ ನಿಂತಿದ್ದರು. ನಾನೇ ಕರೆದೆ.

ಮನೆಯಲ್ಲಿ ಹೊಸ ಕಾನೂನು ಜಾರಿಯಾಯಿತು. ಪ್ರತಿ ಕೋಣೆಯಲ್ಲೂ ನೀರಿನ ಚೊಂಬು. ಸಾರು, ಹಾಲು ಆರಿದ ಮೇಲೇ ಅವಳ ಮುಂದೆ. ಸಂಗೀತ ಪಾಠ ನಿಂತಿತು, ಓಟ ನಿಂತಿತು, ಬಲೂನು ಮನೆಗೆ ಬರುವಂತಿಲ್ಲ. ನನ್ನ ಗಂಡನ ಚಿಕ್ಕಪ್ಪ ಕ್ರೋಂಪೇಟೆಯಿಂದ ಬಂದವರು, ಆಪರೇಷನ್ ಎಲ್ಲ ಯಾಕೆ, ದಿನಾ ಬೆಳಿಗ್ಗೆ ಜೋರಾಗಿ ಉಸಿರು ಬಿಟ್ಟು ಎಳೆಯುವ ಪ್ರಾಣಾಯಾಮ ನಾನೇ ಕಲಿಸುತ್ತೇನೆ, ತಲೆಯ ನರಗಳೆಲ್ಲ ಬಿಚ್ಚಿಕೊಳ್ಳುತ್ತವೆ ಎಂದು ಮಗುವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ಅವರ ಕೈಗೆ ಕಾಫಿ ಲೋಟ ಕೊಟ್ಟು, "ಚಿಕ್ಕಪ್ಪ, ಇದನ್ನ ಕುಡಿದು ಹೊರಡಿ, ಬಿಸಿಲೇರುತ್ತೆ" ಎಂದೆ. ಅವರು ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ.

ಆದರೆ ಕಾನೂನಿನ ಗುಟ್ಟು ಮಗಳಿಗೆ ಬಹಳ ಬೇಗ ತಿಳಿಯಿತು. ಬೆಂಡೆಕಾಯಿ ಪಲ್ಯ ಬಡಿಸಿದರೆ "ಅಳುದುಡುವೇನ್" ಎಂದಳು, ಅತ್ತುಬಿಡ್ತೀನಿ ಎಂಬ ಬೆದರಿಕೆ. ಪಲ್ಯ ಮಾಯವಾಯಿತು. ಟೀವಿ ಆರಿಸಿದರೆ ಅಳುದುಡುವೇನ್, ಟೀವಿ ಹೊತ್ತಿತು. ಅವಳಪ್ಪ ಕಚೇರಿಯಿಂದ ಬರುವಾಗ ದಿನಕ್ಕೊಂದು ಚಾಕಲೇಟು ತರತೊಡಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮ ಮನೆಯಲ್ಲಿ ಅವಳಿಗೆ ಕಾಯಿಲೆ, ಶಿಕ್ಷೆ ನಮ್ಮೆಲ್ಲರಿಗೆ. ಮಗು ತಲೆಯ ಮೇಲೆ ಕೂತಿದ್ದಾಳೆ ಎಂದು ನನಗೆ ಸಿಟ್ಟಿನ ಜೊತೆ ನಗುವೂ ಬರುತ್ತಿತ್ತು. ಒಂದು ಸಂಜೆ ಹೋಂವರ್ಕಿಗೂ ಇದೇ ಅಸ್ತ್ರ ತೆಗೆದಾಗ ನಾನು ಅವಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ತಲೆಯೊಳಗೆ ಏನಾಗಿದೆ, ಅತ್ತರೆ ಏನಾಗಬಹುದು, ಆಪರೇಷನ್ ಅಂದರೇನು, ಒಂದನ್ನೂ ಬಿಡಲಿಲ್ಲ.

"ಅತ್ತರೆ ತೊಂದರೆ ನಮಗಲ್ಲ, ನಿನಗೆ. ಅದನ್ನ ಇಟ್ಕೊಂಡು ನಮ್ಮನ್ನ ಹೆದರಿಸಬೇಡ."

ಅವಳು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಹಾಗಾದ್ರೆ ನಾನು ಅಳಲೇ ಕೂಡದಾ?" ಎಂದು ಕೇಳಿದಳು. ಆಪರೇಷನ್ ಆಗುವವರೆಗೆ ಕೂಡದು ಎಂದೆ. ಅಂದಿನಿಂದ ಆ ಬೆದರಿಕೆ ನಿಂತಿತು. ಅಳು ಬರುವ ಹಾಗಾದರೆ ಬಾಯಿ ಮುಚ್ಚಿ ಮೂಗಿನಲ್ಲಿ ನಿಧಾನವಾಗಿ ಉಸಿರೆಳೆದುಕೋ ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಅದನ್ನೂ ಕಲಿತಳು. ಬಾಗಿಲಿಗೆ ಬೆರಳು ಸಿಕ್ಕಿದಾಗ ಅವಳು ಕಣ್ಣು ಅಗಲಿಸಿ, ತುಟಿ ಬಿಗಿಹಿಡಿದು, ಮೂಗಿನಲ್ಲಿ ಉಸಿರೆಳೆಯುತ್ತ ನಿಂತದ್ದನ್ನು ನೋಡಿದೆ. ಅಷ್ಟು ಚಿಕ್ಕ ಮಗು ಹಾಗೆ ನಿಲ್ಲುವುದನ್ನು ಯಾವ ತಾಯಿಯೂ ನೋಡಬಾರದು.

ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೂ ಮೊದಲು ಇನ್ನೊಂದು ಏಕಾದಶಿ ಬಂತು.

ಅಂದು ಬೆಳಿಗ್ಗೆ ಅವಳು ನೀರಿನ ಲೋಟ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಖಾಲಿ ಮಾಡಿ ತಂದಳು. ಹಾಲನ್ನೂ ಹಾಗೇ ಮುಗಿಸಿದಳು. ನನಗೆ ಅನುಮಾನ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ಒಣಗಿತ್ತು, ಕಣ್ಣು ಜೋಲುತ್ತಿತ್ತು. ಬಾಲ್ಕನಿಗೆ ಹೋಗಿ ನೋಡಿದರೆ ತುಳಸಿಯ ಕುಂಡದಲ್ಲಿ ಹಾಲು ಹೆಪ್ಪುಗಟ್ಟಿದೆ. ಲೋಟ ತುಂಬಿ ತಂದು ಅವಳ ಬಾಯಿಯ ಹತ್ತಿರ ಹಿಡಿದೆ. "ವೇಂಡಾಂ" ಎಂದಳು. ಯಾಕೆ ಬೇಡ ಎಂದರೆ, ಅಜ್ಜಿ ನನ್ನ ಆಪರೇಷನ್ ಚೆನ್ನಾಗಿ ಆಗಲಿ ಅಂತ ಉಪವಾಸ ಇದ್ದಾರೆ, ನಾನೂ ಇದ್ದರೆ ದೇವರಿಗೆ ಎರಡು ಸಲ ಕೇಳಿಸುತ್ತೆ ಎಂದಳು. ಹಠದ ದನಿಯಲ್ಲ, ಬಹಳ ಯೋಚಿಸಿ ಆಡಿದ ಮಾತಿನಂತೆ ಹೇಳಿದಳು.

ನನ್ನ ಕಷ್ಟ ನೋಡಿ. ಬೇರೆ ಮಗುವಾಗಿದ್ದರೆ ಬೆನ್ನಿಗೊಂದು ಗುದ್ದಿ ಕುಡಿಸುತ್ತಿದ್ದೆ. ಇವಳನ್ನು ಗದರಿದರೆ ಅಳುತ್ತಾಳೆ, ಹಿಡಿದು ಕುಡಿಸಿದರೆ ಅಳುತ್ತಾಳೆ. ಬಿಟ್ಟರೆ ಒಣಗುತ್ತಾಳೆ. ಆಸ್ಪತ್ರೆಗೆ ಕರೆದೊಯ್ದು ಡ್ರಿಪ್ ಹಾಕಿಸಬೇಕು ಎಂದು ಗಂಡನಿಗೆ ಫೋನು ಮಾಡಿದೆ. ಅಷ್ಟರಲ್ಲಿ ದೇವರ ಮನೆಯಿಂದ ಅತ್ತೆ ಹೊರಬಂದರು. ಅವರನ್ನು ಕಂಡದ್ದೇ ನನ್ನ ನಾಲಿಗೆ ಹರಿಯಿತು. ಮಗಳಿಗೆ ಕೇಳಿಸದ ಹಾಗೆ, ಹಲ್ಲು ಕಚ್ಚಿಕೊಂಡು ಹೇಳಿದೆ.

"ನಿಮ್ಮನ್ನ ನೋಡಿಯೇ ಅವಳು ಹೀಗೆ ಮಾಡ್ತಿರೋದು. ನಿಮ್ಮ ಏಕಾದಶಿಗೆ ನನ್ನ ಮಗಳ ಕೈ ಬೇಕಾ ಅತ್ತೆ?"

ಅವರು ನನ್ನನ್ನು ದಾಟಿ ಅಡುಗೆಮನೆಗೆ ಹೋದರು. ಗಂಡ ಸತ್ತ ವರ್ಷವೂ, ಟೈಫಾಯಿಡ್ ಬಂದು ಮಲಗಿದ್ದ ವರ್ಷವೂ ಏಕಾದಶಿಗೆ ನಾಲಿಗೆ ಒದ್ದೆ ಮಾಡದ ಹೆಂಗಸು ಎರಡು ಲೋಟಗಳಲ್ಲಿ ನೀರು ತುಂಬಿಕೊಂಡು ಬಂದು ಮೊಮ್ಮಗಳ ಎದುರು ನೆಲದ ಮೇಲೆ ಕೂತರು.

"ಇವತ್ತು ನನಗೆ ಎಂಬತ್ತು ದಾಟಿತು, ನಿನಗೆ ಏಳು. ಇಬ್ಬರಿಗೂ ಉಪವಾಸ ಇಲ್ಲ" ಎಂದರು.

"ಪೊಯ್. ನಿಂಗೆ ಎಂಬತ್ತು ಆಗಿಲ್ಲ ಅಜ್ಜಿ." ಪೊಯ್ ಅಂದರೆ ಸುಳ್ಳು.

"ವಯಸ್ಸಿನ ಕಣಕ್ಕು, ಲೆಕ್ಕ ಎಲ್ಲ ದೇವರ ಹತ್ತಿರ ನಾನು ಹೇಳ್ಕೊಳ್ತೇನೆ. ನೀನು ನಡುವೆ ಬರಬೇಡ."

ಲೋಟ ಎತ್ತಿ, ತುಟಿಗೆ ತಾಗಿಸದೆ, ಎಲ್ಲ ನೀರನ್ನೂ ಕುಡಿದರು. ಗಂಟಲು ಗುಟುಕ್ ಗುಟುಕ್ ಎನ್ನುವುದು ನನಗೆ ಕೇಳಿಸುತ್ತಿತ್ತು. ಅಭ್ಯಾಸವಿಲ್ಲದ ದಿನ ಅಭ್ಯಾಸವಿಲ್ಲದ ಕೆಲಸ, ಒಂದಿಷ್ಟು ಗಲ್ಲದ ಮೇಲೆ ಇಳಿದು ಸೆರಗು ಒದ್ದೆಯಾಯಿತು. ಮಗಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎರಡನೆಯ ಲೋಟ ಎತ್ತಿಕೊಂಡಳು. ಅದು ಮುಗಿದ ಮೇಲೆ ಅತ್ತೆ ಇನ್ನೊಂದು ತುಂಬಿಸಿದರು, ಅದನ್ನೂ ಕುಡಿದಳು.

ನಾನು ಏನಾದರೂ ಹೇಳಬೇಕಿತ್ತು. ಹೇಳಲು ಹೋದಾಗ ಅತ್ತೆ ಕೈ ಅಡ್ಡ ಹಿಡಿದರು. "ಸುಮ್ಮನಿರು. ನೀನು ಅಂದದ್ದು ಸರಿಯಾಗೇ ಇತ್ತು, ಅಂದ ರೀತಿ ಸರಿಯಿಲ್ಲ" ಎಂದು ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಬಹಳ ಹೊತ್ತು ಇದ್ದರು. ಮರುದಿನ ದ್ವಾದಶಿಯ ಅಡುಗೆಯನ್ನು ಎಂದಿನಂತೆ ಬೆಳಕು ಹರಿಯುವ ಮೊದಲೇ ಮುಗಿಸಿ, ನನಗೂ ಬಡಿಸಿ, "ಒಂದು ಏಕಾದಶಿ ಹೋಯ್ತು. ಮಗು ಕೈ ಹೋಗ್ಲಿಲ್ಲ" ಎಂದರು. ಅವರ ಬಗ್ಗೆ ನನಗೆ ಅಷ್ಟು ವರ್ಷಗಳಲ್ಲಿ ಇಲ್ಲದ ಪ್ರೀತಿ ಆ ಬೆಳಿಗ್ಗೆ ಬಂತು. ಅವರಿಗೆ ಅದನ್ನು ಹೇಳಲಿಲ್ಲ, ಎರಡನೆಯ ಸಲ ಸಾರು ಹಾಕಿಸಿಕೊಂಡೆ.

ಆಪರೇಷನ್ ಎರಡು ಸಲ ಆಯಿತು. ಮೊದಲು ಎಡಗಡೆ, ಕೆಲವು ತಿಂಗಳು ಬಿಟ್ಟು ಬಲಗಡೆ. ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುವ ಒಂದು ನಾಳ ಇದೆಯಲ್ಲ, ನೆತ್ತಿಯ ಚರ್ಮಕ್ಕೆ ರಕ್ತ ಕೊಡುವ ನಾಳ, ಅದನ್ನು ಬಿಡಿಸಿ, ತಲೆಬುರುಡೆಯಲ್ಲಿ ಕಿಂಡಿ ತೆಗೆದು, ಮೆದುಳಿನ ಮೇಲೆ ಹಾಸಿ ಹೊಲಿಯುತ್ತಾರೆ. ಹಸಿದ ಮೆದುಳು ಅದರಿಂದ ತಾನೇ ಹೊಸ ಕವಲುಗಳನ್ನು ಎಳೆದುಕೊಳ್ಳುತ್ತದೆ, ಅದಕ್ಕೆ ತಿಂಗಳುಗಳೇ ಬೇಕು ಎಂದು ಡಾಕ್ಟರಮ್ಮ ವಿವರಿಸಿದ್ದರು. ಒಳಗೆ ಕರೆದೊಯ್ಯುವ ಮೊದಲು ಮಗಳು ಎರಡೂ ಕೈಯಿಂದ ನನಗೆ ಟಾಟಾ ಮಾಡಿದಳು. ಎರಡೂ ಕೈ. ಗಾಲಿಯ ಮಂಚ ಬಾಗಿಲು ದಾಟಿ ಮರೆಯಾಯಿತು. ನನ್ನ ಗಂಡ ಕಾರಿಡಾರಿನ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅತ್ತೆ ಮನೆಯಲ್ಲೇ ಉಳಿದಿದ್ದರು, ಆಸ್ಪತ್ರೆಯ ವಾಸನೆ ಅವರಿಗಾಗುವುದಿಲ್ಲ.

ಪ್ರತಿ ಸಲವೂ ಆಮೇಲಿನ ದಿನಗಳೇ ಕಷ್ಟ. ಗಾಯದ ನೋವಿಗೆ ಅಳಬಾರದು ಎಂದು ಔಷಧಿಯ ಮೇಲೆ ಔಷಧಿ ಕೊಟ್ಟರು. ಡ್ರಿಪ್ ಒಂದು ಕ್ಷಣ ನಿಂತರೂ ನಾನು ನರ್ಸಮ್ಮನ ಬೆನ್ನು ಹತ್ತುತ್ತಿದ್ದೆ. ವಾರ್ಡಿನಲ್ಲಿ ನನ್ನನ್ನು ಕಂಡರೆ ಅವರು ದಾರಿ ಬದಲಿಸುವ ಮಟ್ಟಕ್ಕೆ ಬಂದಿತ್ತು. ಬರಲಿ, ನನಗೇನೂ ನಾಚಿಕೆಯಿಲ್ಲ. ತಲೆಗೆ ಪಟ್ಟಿ ಸುತ್ತಿಕೊಂಡ ಮಗಳು ತುಟಿ ಮುಚ್ಚಿ ಮೂಗಿನಲ್ಲಿ ಉಸಿರೆಳೆಯುತ್ತ ಮಲಗಿರುತ್ತಿದ್ದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕಣ್ಣೀರು ಹಾಕಿ ಬರುತ್ತಿದ್ದೆ.

ಬಲಗಡೆಯದೂ ಆಗಿ, ಕೂದಲು ಬೆಳೆದು, ಮತ್ತೆ ಚಿತ್ರ ತೆಗೆದಾಗ ಡಾಕ್ಟರಮ್ಮ ಮೊದಲ ಸಲ ನಕ್ಕರು. ಎರಡೂ ಕಡೆ ಹೊಸ ಕವಲುಗಳು ಚೆನ್ನಾಗಿ ಹಬ್ಬಿವೆ ಎಂದರು. "ಮಾತ್ರೆ ಮುಂದುವರಿಸಿ, ನೀರು ಕುಡಿಸೋದು ಮರೀಬೇಡಿ. ಉಳಿದಂತೆ ಮಗು ಎಲ್ಲ ಮಕ್ಕಳ ಹಾಗೆ ಇರಲಿ. ಓಡಲಿ, ಹಾಡಲಿ, ಅಳು ಬಂದರೆ ಅಳಲಿ."

ಮನೆಯಲ್ಲಿ ಯಾರೂ ಈ ಮಾತನ್ನು ಪೂರ್ತಿ ನಂಬಲಿಲ್ಲ. ಓಡಲು ಬಿಟ್ಟೆವು, ಕಣ್ಣು ಮಾತ್ರ ಅವಳ ಕೈಯ ಮೇಲೆ. ಸಂಗೀತದ ಮೇಷ್ಟ್ರು ಮತ್ತೆ ಬಂದರು. ಅವಳು ಹಾಡಿದಳು, ನಕ್ಕಳು, ಜಗಳವಾಡಿದಳು. ಅಳಲಿಲ್ಲ. ಜ್ವರ ಬಂದರೂ ಅಳಲಿಲ್ಲ, ಬಿದ್ದು ಮಂಡಿ ಕಿತ್ತುಕೊಂಡರೂ ಅಳಲಿಲ್ಲ. ಎಷ್ಟು ಗಟ್ಟಿ ಹುಡುಗಿ ಎಂದು ನೆರೆಯವರು ಹೊಗಳಿದರು. ನನಗೆ ಆ ಹೊಗಳಿಕೆ ಮೈ ಉರಿಸುತ್ತಿತ್ತು. ಕೈಯನ್ನು ಉಳಿಸಲು ಹೋಗಿ ಇನ್ನೇನನ್ನೋ ಅವಳಿಂದ ಕಿತ್ತುಕೊಂಡೆವೇ ಎಂಬ ಭಯ ಒಳಗೇ ಕೊರೆಯುತ್ತಿತ್ತು.

ಒಂದು ದಿನ ಸಂಜೆ ಅವಳು ಶಾಲೆಯಿಂದ ಬಂದು ಚೀಲ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಆಗತಾನೆ ಕಚೇರಿಯಿಂದ ಬಂದು ಕಾಫಿಗೆ ಹಾಲಿಟ್ಟಿದ್ದೆ. ಒಂದನೆಯ ಕ್ಲಾಸಿನಿಂದ ಜೊತೆಗೆ ಕೂರುತ್ತಿದ್ದ ಗೆಳತಿ ಅಂದು ಬೇರೆ ಬೆಂಚಿಗೆ ಹೋದಳಂತೆ. ಇವಳ ಮಚ್ಚೆ ತನಗೂ "ಒಟ್ಟಿಕ್ಕುಂ" ಎಂದಳಂತೆ, ಅಂಟಿಕೊಳ್ಳುತ್ತದೆ ಎಂದು. ತನ್ನ ರಬ್ಬರು, ಸ್ಕೇಲು ಎಲ್ಲ ವಾಪಸ್ ತೆಗೆದುಕೊಂಡಳಂತೆ. ಇಷ್ಟನ್ನೂ ನನ್ನ ಮಗಳು ಪಾಠ ಒಪ್ಪಿಸುವಂತೆ ಒಪ್ಪಿಸಿದಳು. ಆಮೇಲೆ ತುಟಿ ಬಿಗಿದುಕೊಂಡು ಮೂಗಿನಲ್ಲಿ ನಿಧಾನವಾಗಿ ಉಸಿರೆಳೆಯತೊಡಗಿದಳು. ಅತ್ತೆ ಕೊತ್ತಂಬರಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

ಅದೇ ಮಾತು ನನಗೂ ಮೈಸೂರಿನ ಶಾಲೆಯಲ್ಲಿ ಬಿದ್ದಿತ್ತು. ನಾನು ಮನೆಗೆ ಓಡಿಬಂದು ಅಮ್ಮನ ಮಡಿಲಲ್ಲಿ ಮುಖವಿಟ್ಟು ಹೊಟ್ಟೆ ತುಂಬ ಅತ್ತಿದ್ದೆ. ಒಲೆ ಆರಿಸಿ ಅವಳ ಮುಂದೆ ಕೂತೆ.

"ಅಳು" ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ವೇಂಡಾಂ. ಪಳಕ್ಕಂ ವಿಟ್ಟುಪೋಚು." ಬೇಡ, ಅಭ್ಯಾಸ ತಪ್ಪಿಹೋಯಿತು.

"ಡಾಕ್ಟರಮ್ಮ ಅಳಬಹುದು ಅಂದಿದಾರೆ. ನೀನೂ ಅಲ್ಲೇ ಇದ್ದೆ."

"ಕೈ ಹೋದರೆ?"

ಹೋಗುವುದಿಲ್ಲ ಎಂದೆ. ಧೈರ್ಯವಿತ್ತೇ ಎಂದು ಕೇಳಬೇಡಿ. ನನ್ನ ಎರಡೂ ಕೈಯ ತೋರುಬೆರಳನ್ನು ಅವಳ ಮುಂದೆ ಚಾಚಿದೆ. "ಇದನ್ನ ಗಟ್ಟಿಯಾಗಿ ಹಿಡ್ಕೊ. ಹಿಡ್ಕೊಂಡೇ ಅಳು. ಕೈ ಸಡಿಲ ಆದರೆ ನನಗೆ ಮೊದಲು ಗೊತ್ತಾಗುತ್ತೆ, ನಾನು ನೋಡ್ಕೋತೀನಿ."

ಅವಳು ಹಿಡಿದುಕೊಂಡಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೆಳತುಟಿ ನಡುಗಿತು, ಮುಖ ಕಿವುಚಿತು, ಬಾಯಿ ತೆರೆಯಿತು. ಎರಡು ವರ್ಷ ತಡೆದಿಟ್ಟದ್ದೆಲ್ಲ ಒಟ್ಟಿಗೆ ಹೊರಟಿತು. ಏದುಸಿರು ಬಿಡುತ್ತ, ಬಿಕ್ಕುತ್ತ, ಇಡೀ ಮಹಡಿಗೆ ಕೇಳಿಸುವ ಹಾಗೆ ಅತ್ತಳು. ಎದುರು ಮನೆಯವರು ಬಾಗಿಲು ತೆರೆದದ್ದು ಕೇಳಿಸಿತು. ಅತ್ತೆ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತರು, ಮುಟ್ಟಲಿಲ್ಲ. ನಾನು ಅವಳ ಬಾಯಿಯ ಬಲ ತುದಿಯನ್ನೇ ನೋಡುತ್ತಿದ್ದೆ. ಅದು ಇಳಿಯಲಿಲ್ಲ. ಅಳುವಿನ ನಡುವೆ ಆ ಗೆಳತಿಯನ್ನು ಕತ್ತೆ, ಎಮ್ಮೆ, ಹಂದಿ ಎಂದು ತಮಿಳಿನಲ್ಲಿ ಬೈದಳು. ಒಂದೊಂದು ಬೈಗುಳವೂ ಸ್ಪಷ್ಟವಾಗಿತ್ತು.

ಅವಳ ಬಲಗೈಯ ಉಗುರು ನನ್ನ ಬೆರಳಿನೊಳಗೆ ಇಳಿದಿತ್ತು. ಬಹಳ ನೋವಾಗುತ್ತಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.